ದುರ್ಗದ ಬಂಡೆ ಮೇಲೆ ರಾಮಾಚಾರಿ, ಕಿಂಡಿಯೊಳಗೆ ಓಬವ್ವ!

ಚಿತ್ರದುರ್ಗಕ್ಕೆ ಎರಡು ದಾರಿ ಉಂಟು. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿ ತುಮಕೂರು, ಶಿರಾ, ಹಿರಿಯೂರು ದಾಟಿ ಸುಮಾರು 200 ಕಿಲೋಮೀಟರ್ ಹೋಗುವುದು ಒಂದು ದಾರಿ. ಥಿಯೇಟರಿನ ಕತ್ತಲಲ್ಲಿ ಕೂತು ‘ನಾಗರಹಾವು’ ನೋಡುವುದು ಇನ್ನೊಂದು. ನಮ್ಮ ಚಿತ್ರರಸಿಕರಲ್ಲಿ ಅನೇಕರು ಎರಡನೆಯ ದಾರಿಯಲ್ಲೇ ಮೊದಲು ದುರ್ಗ ಸೇರಿದವರು. ನಾನೂ ಅದೇ ಪೈಕಿ. ಕೋಟೆಯ ಕಲ್ಲು ಮುಟ್ಟುವುದಕ್ಕೆ ಮೊದಲೇ ಅದರ ಮೇಲೆ ವಿಷ್ಣುವರ್ಧನ್ ನಡೆದ ನಡಿಗೆ ನನಗೆ ಬಾಯಿಪಾಠವಾಗಿತ್ತು!

ಹಳೆಯ ಚಿತ್ರಗಳನ್ನು ಮತ್ತೆ ನೋಡುವ ಚಟ ನನ್ನದು. ಕೆಲವು ಚಿತ್ರ ಮತ್ತೆ ನೋಡಿದರೆ ಹಳೇ ಗೆಳೆಯ ಸಿಕ್ಕ ಹಾಗಾಗುತ್ತದೆ. ಕೆಲವನ್ನು ಅರ್ಧಕ್ಕೇ ನಿಲ್ಲಿಸಿ ಮಲಗೋಣ ಅನ್ನಿಸುತ್ತದೆ. ಆದರೆ ಚಿತ್ರವನ್ನೂ ಅದು ತಯಾರಾದ ಊರನ್ನೂ ಒಟ್ಟಿಗೆ ನೋಡಿದರೆ ಹೇಗೆ? ಅದಕ್ಕೇ ದುರ್ಗದ ಲಾಡ್ಜೊಂದರಲ್ಲಿ ರಾತ್ರಿ ಮೊಬೈಲಿನಲ್ಲಿ ‘ನಾಗರಹಾವು’ ಪೂರ್ತಿ ನೋಡಿ, ಬೆಳಿಗ್ಗೆ ಕೋಟೆ ಹತ್ತಿದೆ.

ಅಂದು 1972

ಗೊತ್ತಿಲ್ಲದ ಹುಡುಗರಿಗಾಗಿ ನಾಲ್ಕು ಮಾತು. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಒಟ್ಟು ಸೇರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ ಚಿತ್ರ ಇದು. ನಿರ್ಮಾಪಕರು ಎನ್. ವೀರಾಸ್ವಾಮಿ. ಸಂಗೀತ ವಿಜಯಭಾಸ್ಕರ್. 1972ರ ಕೊನೆಗೆ ತೆರೆ ಕಂಡಾಗ ಸಂಪತ್‌ಕುಮಾರ್ ಎಂಬ ಹುಡುಗ ವಿಷ್ಣುವರ್ಧನ್ ಆಗಿದ್ದ. ಜಲೀಲನಾಗಿ ಬಂದ ಅಂಬರೀಷ್‌ಗೆ ಅದೇ ಮೊದಲ ಚಿತ್ರ. ಒಂದೇ ಚಿತ್ರ, ಇಬ್ಬರು ನಾಯಕನಟರ ಹುಟ್ಟು. ಇಂಥ ಹೆರಿಗೆ ಕನ್ನಡದಲ್ಲಿ ಅಪರೂಪ ಸ್ವಾಮಿ!

ತ.ರಾ.ಸು. ಅವರಿಗೆ ಚಿತ್ರ ಹಿಡಿಸಲಿಲ್ಲ ಎಂಬುದೂ ಎಲ್ಲರಿಗೂ ಗೊತ್ತಿರುವ ಸಂಗತಿಯೇ. ಜನ ಮಾತ್ರ ಮುಗಿಬಿದ್ದು ನೋಡಿದರು. ಅದೇ ಕಥೆಯನ್ನು ಪುಟ್ಟಣ್ಣ 1974ರಲ್ಲಿ ರಿಷಿ ಕಪೂರ್ ಅವರನ್ನು ಹಾಕಿಕೊಂಡು ‘ಜಹರೀಲಾ ಇನ್ಸಾನ್’ ಎಂದು ಹಿಂದಿಗೆ ತಂದರು. ಆದರೆ ರಾಮಾಚಾರಿಯ ಬುಸುಗುಟ್ಟುವಿಕೆ ಹಿಂದಿಗೆ ಹತ್ತಲಿಲ್ಲ. ಆ ಕೋಪ ದುರ್ಗದ ಬಿಸಿಲಿನದು, ಎಲ್ಲಿಗೋ ಸಾಗಿಸಿದರೆ ಆರಿಹೋಗುತ್ತದೆ.

ಕೋಟೆಗೆ ಕಾಲಿಟ್ಟರೆ ಈ ಮಾತು ನಿಮಗೇ ಅರ್ಥವಾಗುತ್ತದೆ. ಏಳು ಸುತ್ತಿನ ಕೋಟೆ ಎಂದು ಹೆಸರು. ಸುತ್ತಲೂ ಒಂದರ ಮೇಲೊಂದು ಜೋಡಿಸಿಟ್ಟ ಹಾಗಿರುವ ದೈತ್ಯ ಬಂಡೆಗಳು. ಬೆಳಿಗ್ಗೆ ಹತ್ತು ಗಂಟೆಗೇ ಕಲ್ಲು ಕಾದು ಚಪ್ಪಲಿ ದಾಟಿ ಬಿಸಿ ಏರುತ್ತದೆ. ಹಾವಿನ ದ್ವೇಷದ ಆ ಹಾಡಿನಲ್ಲಿ ನಾಯಕನಷ್ಟೇ ಈ ಕಲ್ಲುಗಳೂ ನಟಿಸಿವೆ. ಪುಟ್ಟಣ್ಣನವರು ಸೆಟ್ ಹಾಕುವ ಗೋಜಿಗೆ ಹೋಗದೆ ರಾಮಾಚಾರಿಯನ್ನು ಇಲ್ಲಿ ತಂದು ನಿಲ್ಲಿಸಿದ್ದೇ ಜಾಣತನ. ಕಲ್ಲಿನ ನಡುವೆ ಹಾವು ಇರದೆ ಇನ್ನೇನಿರುತ್ತೆ?

ಚಿತ್ರದ ಕೊನೆಯ ದೃಶ್ಯ ತೆಗೆದ ಜಾಗ ಯಾವುದು ಎಂದು ಕೇಳಿದೆ. ಮೂವರು ಮೂರು ಬಂಡೆ ತೋರಿಸಿದರು. ಮೂವರೂ “ಇದೇ ಬಂಡೆ ಸಾರ್, ಬೇರೆಯವರ ಮಾತು ಕೇಳ್ಬೇಡಿ” ಎಂದರು. ಇರಲಿ ಬಿಡಿ. ನೋಡುವವನ ಕಣ್ಣಿಗೆ ಎಲ್ಲ ಬಂಡೆಯೂ ಅದೇ ಬಂಡೆ!

ನಗು ಯಾರ ಮೇಲೆ?

2018ರ ಜುಲೈ 20ರಂದು ‘ನಾಗರಹಾವು’ ಸಿನಿಮಾಸ್ಕೋಪ್ ಮಾಡಿಸಿಕೊಂಡು, 7.1 ಧ್ವನಿ ತುಂಬಿಕೊಂಡು ಮತ್ತೆ ಬಂತಲ್ಲ, ಆಗ ಗಾಂಧಿನಗರದ ಥಿಯೇಟರಿನಲ್ಲಿ ನೋಡಿದವನು ನಾನು. ವಿಷ್ಣು 2009ರಲ್ಲೇ ನಮ್ಮನ್ನು ಬಿಟ್ಟು ಹೋಗಿದ್ದರು. ಅಂಬರೀಷ್ ಇದ್ದರು. ನಾಲ್ಕೇ ತಿಂಗಳು, ಆ ನವೆಂಬರಿನಲ್ಲಿ ಅವರೂ ಹೊರಟರು. ಅಂದು ಥಿಯೇಟರಿನಲ್ಲಿ ಮೂರು ಸಲ ಶಿಳ್ಳೆಯ ಸುರಿಮಳೆ: ರಾಮಾಚಾರಿ ಬಂದಾಗ, ಪ್ರಿನ್ಸಿಪಾಲರನ್ನು ಕಂಬಕ್ಕೆ ಕಟ್ಟಿದಾಗ, ಜಲೀಲ ಸಿಗರೇಟು ಎಸೆದು ಬಾಯಿಗೆ ಹಿಡಿದಾಗ.

ಆ ಪ್ರಿನ್ಸಿಪಾಲರ ಪ್ರಸಂಗ ಇದೆಯಲ್ಲ, ಅದು ಇವತ್ತಿಗೂ ನಗಿಸುತ್ತದೆ. ಲೋಕನಾಥ್ ಮುಖ ನೋಡಿದರೆ ಸಾಕು. ಪಿಯುಸಿ ಅರ್ಧಕ್ಕೇ ಬಿಟ್ಟವನು ನಾನು. ಮನೆಯ ತಾಪತ್ರಯ ಅರ್ಧ ಕಾರಣ. ಫೀಸು ಕಟ್ಟಲು ತಡವಾದದ್ದಕ್ಕೆ ಇಡೀ ಕ್ಲಾಸಿನ ಎದುರು ಎಬ್ಬಿಸಿ ನಿಲ್ಲಿಸಿದ ಒಬ್ಬ ಲೆಕ್ಚರರ ನಾಲಿಗೆ ಇನ್ನರ್ಧ. ಹಾಗಾಗಿ ಕಂಬಕ್ಕೆ ಕಟ್ಟಿಸಿಕೊಂಡ ಪ್ರಿನ್ಸಿಪಾಲರನ್ನು ನೋಡಿ ನಕ್ಕಾಗ ನನ್ನದೂ ಒಂದು ಲೆಕ್ಕ ಚುಕ್ತಾ ಆದ ಹಾಗನ್ನಿಸಿತು. ಬೆತ್ತ ಹಿಡಿದವನನ್ನು ನೋಡಿ ಬೆತ್ತದ ಏಟು ತಿಂದವನು ನಗುವ ನಗು ಅದು. ಅಂಥ ನಗು ಬೇಗ ಹಳಸುವುದಿಲ್ಲ.

ಜಲೀಲನ ವಿಷಯ ಬೇರೆ. ಅಂಬರೀಷರ ಆ ಗತ್ತು, ಆ ಕಣ್ಣು... ಎರಡು ಮಾತಿಲ್ಲ. ಒಂದೆರಡು ದೃಶ್ಯದಲ್ಲೇ ಚಿತ್ರವನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಾರೆ. ಆದರೆ ಆ ‘ಬುಲ್ ಬುಲ್’ ಡೈಲಾಗು ನೋಡಿ! ಕಥೆಯಲ್ಲಿ ಜಲೀಲ ಪೋಕರಿ. ಅಲಮೇಲು ದಾರಿಯಲ್ಲಿ ಹೋಗದ ಹಾಗೆ ಮಾಡಿದವನು, ಅದಕ್ಕಾಗಿ ರಾಮಾಚಾರಿಯ ಕೈಯಲ್ಲಿ ಒದೆ ತಿಂದವನು. ಪುಟ್ಟಣ್ಣನವರು ಅವನನ್ನು ಮೆಚ್ಚಿ ಎಂದು ಹೇಳಿಲ್ಲ. ಹಾಗಿದ್ದರೂ ಒದೆ ಮರೆತುಹೋಯಿತು, ಡೈಲಾಗು ಉಳಿಯಿತು. 50 ವರ್ಷದಿಂದ ನಮ್ಮ ಕಾಲೇಜು ರಸ್ತೆಗಳಲ್ಲಿ, ಬಸ್ ಸ್ಟ್ಯಾಂಡಿನ ಕಟ್ಟೆಗಳ ಮೇಲೆ ಅದು ಓಡಾಡುತ್ತಲೇ ಇದೆ. ತೆರೆಯ ಮೇಲೆ ಪೋಕರಿಯ ಮಾತಾಗಿದ್ದದ್ದು ತೆರೆಯಿಂದ ಇಳಿದ ಮೇಲೆ ಹೀರೋ ಮಾತಾಗಿಬಿಟ್ಟಿತು. ಇದರಲ್ಲಿ ತಪ್ಪು ಚಿತ್ರದ್ದಾ, ಶಿಳ್ಳೆ ಹೊಡೆದ ಸಭೆಯದ್ದಾ? ನನ್ನ ಮತ ಸಭೆಯ ವಿರುದ್ಧ.

ನಗಿಸುತ್ತಲೇ ಕತ್ತು ಕೊಯ್ದ ವರದ

ಹಾಸ್ಯದ ಮಾತು ಬಂತು, ಇನ್ನೊಂದು ಹೇಳಿಬಿಡುತ್ತೇನೆ. ಅಲಮೇಲುವಿನ ಅಣ್ಣ ವರದನ ಪಾತ್ರ ಶಿವರಾಂ ಅವರದ್ದು. ಮೊದಲ ಸಲ ನೋಡುವಾಗ ಅವರು ಬಂದರೆ ಆರಾಮಾಗಿ ಕೂರುತ್ತೇವೆ. ಪುಕ್ಕಲ, ಪಾಪದವನು, ನಗಿಸಿ ಹೋಗುತ್ತಾನೆ ಎಂದುಕೊಳ್ಳುತ್ತೇವೆ. ಮತ್ತೆ ನೋಡಿ! ಜಲೀಲನ ಕಾಟ ತಪ್ಪಿಸಿದರೆ ತಂಗಿಯನ್ನು ನಿನಗೇ ಕೊಡುತ್ತೇನೆ ಎಂದು ರಾಮಾಚಾರಿಗೆ ಆಸೆ ಹಚ್ಚಿದವನು ಅವನೇ. ಆಮೇಲೆ ಕೈಕೊಟ್ಟವನೂ ಅವನೇ. ಇಡೀ ದುರಂತದ ಬೀಜ ಬಿತ್ತಿದ್ದು ಖಳನಾಯಕನಲ್ಲ, ಹಾಸ್ಯನಟ!

ಇದು ಪುಟ್ಟಣ್ಣನವರ ಕೈಚಳಕ. ಪುಕ್ಕಲುತನ ನೋಡಲು ತಮಾಷೆ, ಆದರೆ ಅದಕ್ಕೆ ತೆರುವ ದಂಡ ಬೇರೆಯವರದು. ಅಲಮೇಲುವನ್ನು ಬೇರೆ ಕಡೆ ಮದುವೆ ಮಾಡಿಕೊಡುತ್ತಾರೆ. ಕಟ್ಟಿಕೊಂಡವನು ಅವಳನ್ನು ಮಾರಾಟದ ಸರಕು ಮಾಡುತ್ತಾನೆ. ಎಷ್ಟೋ ದಿನದ ಮೇಲೆ ರಾಮಾಚಾರಿಗೆ ಅವಳು ಸಿಗುವ ಸ್ಥಿತಿ ನೋಡಿದರೆ, ಮೊದಲರ್ಧದಲ್ಲಿ ವರದನನ್ನು ನೋಡಿ ನಕ್ಕ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆರತಿಯ ಆ ಮುಖವೊಂದೇ ಸಾಕು, ಲಾಡ್ಜಿನ ರೂಮಿನಲ್ಲಿ ನನಗೆ ನಿದ್ದೆ ಹತ್ತಲಿಲ್ಲ.

ಅದೇ ವಿಷ್ಣು, ದ್ವಾರಕೀಶ್ ಜೊತೆ ಸೇರಿ 1977ರಲ್ಲಿ ‘ಕಿಟ್ಟು ಪುಟ್ಟು’, 1981ರಲ್ಲಿ ‘ಗುರು ಶಿಷ್ಯರು’ ಮಾಡಿದರು. ‘ಗುರು ಶಿಷ್ಯರು’ ಇವತ್ತು ಹಾಕಿದರೂ ಮನೆಮಂದಿಯೆಲ್ಲ ಬಿದ್ದು ಬಿದ್ದು ನಗುತ್ತಾರೆ. ಯಾಕೆ? ಅಲ್ಲಿ ಮಂಕು ಶಿಷ್ಯರ ದಂಡು ತಮ್ಮ ಪೆದ್ದುತನವನ್ನು ತಾವೇ ಹರವಿಕೊಂಡು ಕೂರುತ್ತದೆ. ಹಳೇ ಹಾಸ್ಯ ಚಿತ್ರ ಉಳಿಯುತ್ತದೋ ಇಲ್ಲವೋ ಎಂದು ತಿಳಿಯಲು ನನ್ನದು ಒಂದೇ ಒರೆಗಲ್ಲು: ನಗಿಸಿಕೊಂಡವನು ಆಮೇಲೆ ನಮ್ಮ ಜೊತೆ ಕೂತು ನಗಬಲ್ಲನಾ?

ಚಾಮಯ್ಯ ಮೇಷ್ಟ್ರು ದೇವರೇ, ಆದರೆ...

ಈಗ ಬೈಸಿಕೊಳ್ಳುವ ಮಾತು. ಅಶ್ವಥ್ ಅವರ ಚಾಮಯ್ಯ ಮೇಷ್ಟ್ರನ್ನು ಮೆಚ್ಚದ ಕನ್ನಡಿಗನಿಲ್ಲ. ನನಗೂ ಅಂಥ ಒಬ್ಬ ಮೇಷ್ಟ್ರು ಸಿಕ್ಕಿದ್ದರೆ ಪಿಯುಸಿ ಮುಗಿಸುತ್ತಿದ್ದೆನೇನೋ. ಮಕ್ಕಳಿಲ್ಲದ ಆ ಮನೆಯಲ್ಲಿ ಲೀಲಾವತಿಯವರ ತುಂಗಮ್ಮ ಅವನಿಗೆ ಅನ್ನ ಬಡಿಸುವಾಗ ಕಲ್ಲೂ ಕರಗುತ್ತದೆ.

ಆದರೆ ಮೇಷ್ಟ್ರು ಕೊಟ್ಟ ಬುದ್ಧಿವಾದದ ಬೆಲೆ ಕಟ್ಟಿದವರು ಯಾರು? ಸಂಪ್ರದಾಯ ಮುರಿಯಬೇಡ, ಅಲಮೇಲುವನ್ನು ಬಿಟ್ಟುಕೊಡು ಎಂದರು. ರಾಮಾಚಾರಿ ಗುರುವಿನ ಮಾತಿಗೆ ಬಿಟ್ಟುಕೊಟ್ಟ. ತ್ಯಾಗದ ಹೆಸರು ಬಂದದ್ದು ರಾಮಾಚಾರಿಗೆ, ಬೀದಿಗೆ ಬಿದ್ದದ್ದು ಅಲಮೇಲು. ನಿನ್ನ ಇಷ್ಟ ಏನಮ್ಮಾ ಎಂದು ಅವಳನ್ನು ಕೇಳಿ ಅದರಂತೆ ನಡೆದವರು ಒಬ್ಬರೂ ಇಲ್ಲ. ಮುಂದೆ ಮಾರ್ಗರೆಟ್ ವಿಷಯಕ್ಕೂ ಅದೇ ಗೋಡೆ ಅಡ್ಡ ಬಂತು. ಈ ಸಲ ಶಿಷ್ಯ ತಿರುಗಿ ನಿಂತ. ಬಂಡೆಯ ಮೇಲಿಂದ ಗುರು ಬೀಳುತ್ತಾರೆ, ಹಿಂದೆಯೇ ಅವರಿಬ್ಬರೂ.

ಮೊದಲ ಸಲ ನೋಡಿದಾಗ ‘ಕೋಪ ಕೆಡಿಸಿತು’ ಎಂದುಕೊಂಡು ಎದ್ದು ಬರುತ್ತೇವೆ. ಆ ಬಂಡೆಗಳ ಮೇಲೆ ನಿಂತು ಕೆಳಗೆ ನೋಡಿದರೆ ಬೇರೆ ಹೊಳೆಯುತ್ತದೆ. ಒಳ್ಳೆಯವರ ಒಳ್ಳೆಯ ಮಾತೂ ಕೊಲ್ಲಬಲ್ಲದು ಎಂದು ಪುಟ್ಟಣ್ಣ 1972ರಲ್ಲೇ ಹೇಳಿ ಕೂತಿದ್ದಾರೆ. ಕೇಳಿಸಿಕೊಳ್ಳಲು ನಮಗೆ ಇಷ್ಟು ಕಾಲ ಬೇಕಾಯಿತು, ಅಷ್ಟೇ.

ಕಿಂಡಿಯ ಹತ್ತಿರ ನಡೆದದ್ದು

ಮಧ್ಯಾಹ್ನದ ಹೊತ್ತಿಗೆ ಓಬವ್ವನ ಕಿಂಡಿಗೆ ಬಂದೆ. ಕಾವಲು ಕಾಯುವ ಮುದ್ದಹನುಮನ ಹೆಂಡತಿ ಓಬವ್ವ, ಗಂಡ ಊಟಕ್ಕೆ ಕೂತಿದ್ದಾಗ ಇಲ್ಲಿ ನುಸುಳಿದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಬಡಿದು ಕೆಡವಿದಳೆಂದು ದುರ್ಗದ ಮಕ್ಕಳಿಗೂ ಗೊತ್ತು. ಕಿಂಡಿ ಎಷ್ಟು ಇಕ್ಕಟ್ಟೆಂದರೆ ಬಗ್ಗಿಯೇ ನುಗ್ಗಬೇಕು, ಒಬ್ಬರ ಹಿಂದೆ ಒಬ್ಬರು. ಒನಕೆ ಯಾಕೆ ಸಾಕಾಯಿತು ಎಂಬುದು ಅದರೊಳಗೆ ತಲೆ ಹಾಕಿದ ಮೇಲೇ ಗೊತ್ತಾಗುವುದು. ಚಿತ್ರದ ನಡುವೆ ಒಂದು ಹಾಡಿನಷ್ಟು ಹೊತ್ತು ಜಯಂತಿ ಓಬವ್ವನಾಗಿ ಬಂದರು. ಅಂದಿನಿಂದ ಕನ್ನಡಿಗರ ಕಣ್ಣಲ್ಲಿ ಓಬವ್ವನಿಗೆ ಜಯಂತಿಯದೇ ಮುಖ. 2021ರಿಂದ ಸರ್ಕಾರ ನವೆಂಬರ್ 11ರಂದು ಓಬವ್ವ ಜಯಂತಿ ಆಚರಿಸುತ್ತಿದೆ. ಅದೇ 2021ರ ಜುಲೈನಲ್ಲಿ ಜಯಂತಿಯವರು ತೀರಿಕೊಂಡಿದ್ದರು.

ಅಲ್ಲಿ ಕಾಲೇಜು ಹುಡುಗಿಯರ ಒಂದು ಗುಂಪು ಫೋಟೋ ತೆಗೆಸಿಕೊಳ್ಳುತ್ತಿತ್ತು. ಮೇಲಿನ ಬಂಡೆಯ ಮೇಲೆ ಮೂವರು ಹುಡುಗರು. ಅವರಲ್ಲೊಬ್ಬ, ಬಾಯಲ್ಲಿ ಸಿಗರೇಟು ಬೇರೆ, ಅದೇ ಬುಲ್ ಬುಲ್ ಡೈಲಾಗು ಬಿಟ್ಟ. ಉಳಿದಿಬ್ಬರು ಕಿಸಕ್ಕೆಂದರು. ಹುಡುಗಿಯರ ಗುಂಪು ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಅವರಲ್ಲಿ ಕುಳ್ಳಗಿದ್ದವಳೊಬ್ಬಳು ಕಿಂಡಿಯ ಪಕ್ಕಕ್ಕೇ ಹೋಗಿ ನಿಂತು, ಸೊಂಟಕ್ಕೆ ಕೈ ಕೊಟ್ಟು ಕೇಳಿದಳು:

“ಕಿಂಡಿ ಒಳಗಿಂದ ಬಾ ಅಣ್ಣಾ, ಮಾತಾಡ್ತೀನಿ!”

ಸುತ್ತ ಇದ್ದವರೆಲ್ಲ ಗೊಳ್ಳೆಂದರು. ಕಡಲೆಕಾಯಿ ಮಾರುವ ಅಜ್ಜಿಯಂತೂ ಬುಟ್ಟಿ ಕೆಳಗಿಟ್ಟು ನಕ್ಕಳು. ಬಂಡೆಯ ಮೇಲಿನ ಜಲೀಲನ ಸಿಗರೇಟು ಎಲ್ಲಿ ಬಿತ್ತೋ, ಮೂವರೂ ಆ ಕಡೆ ಇಳಿದು ಮಾಯ. ಇಂಥ ಡೈಲಾಗು ಬರೆಯುವವರು ಇವತ್ತಿನ ಗಾಂಧಿನಗರದಲ್ಲಿ ಎಷ್ಟು ಜನ ಇದ್ದಾರೆ ಹೇಳಿ?

ಒಂದೇ ಚಿತ್ರದಲ್ಲಿ, ಒಂದೇ ಬೆಟ್ಟದ ಮೇಲೆ ಪುಟ್ಟಣ್ಣ ಇಬ್ಬರು ಹೆಣ್ಣುಗಳನ್ನು ಇಟ್ಟರು. ಕೈಯಲ್ಲಿ ಒನಕೆ ಹಿಡಿದವಳು ಒಬ್ಬಳು, ತನ್ನ ಬದುಕಿನ ತೀರ್ಮಾನವನ್ನು ಅಣ್ಣ, ಪ್ರಿಯಕರ, ಮೇಷ್ಟ್ರ ಕೈಗೆ ಕಳೆದುಕೊಂಡವಳು ಇನ್ನೊಬ್ಬಳು. ನಾವು ಓಬವ್ವನಿಗೆ ಕೈ ಮುಗಿದೆವು. ಅಲಮೇಲುಗೆ ಕಣ್ಣೀರು ಹಾಕಿದೆವು. ಎರಡನ್ನೂ ಜೋಡಿಸಿ ನೋಡಲಿಲ್ಲ. ಆ ಕುಳ್ಳ ಹುಡುಗಿ ಒಂದೇ ಮಾತಿನಲ್ಲಿ ಜೋಡಿಸಿಬಿಟ್ಟಳು!

ಹೋಗಿ ಬನ್ನಿ

ಇಳಿಯುವ ಮುಂಚೆ ಎತ್ತರದಲ್ಲಿ ನಿಂತು ಸುತ್ತ ನೋಡಿ. ದೂರದ ಗುಡ್ಡಗಳ ಮೇಲೆ ಈಗ ಬಿಳಿ ಗಾಳಿಯಂತ್ರಗಳ ಸಾಲು ತಿರುಗುತ್ತಿರುತ್ತದೆ. ರಾಮಾಚಾರಿ ನೋಡಿದ ದುರ್ಗದಲ್ಲಿ ಅವು ಇರಲಿಲ್ಲ. ಪುಟ್ಟಣ್ಣ, ತ.ರಾ.ಸು., ವಿಷ್ಣು, ಅಶ್ವಥ್, ಅಂಬರೀಷ್, ಲೋಕನಾಥ್, ಶಿವರಾಂ, ಲೀಲಾವತಿ... ಒಬ್ಬೊಬ್ಬರೇ ಹೋದರು. ಕಲ್ಲು ಹಾಗೇ ಇದೆ. ಚಿತ್ರವೂ ಇದೆ. ಬದಲಾಗಬೇಕಾದದ್ದು ನಮ್ಮ ಶಿಳ್ಳೆ ಬೀಳುವ ಜಾಗ.

ಆದ್ದರಿಂದ ಮಿತ್ರರೇ, ‘ಹಳೇ ಚಿತ್ರ ಹಳತಾಯ್ತು, ಬಿಡ್ರೀ’ ಎನ್ನುವವರ ಮಾತಿಗೂ ಕಿವಿಗೊಡಬೇಡಿ, ‘ಹಳೇದೆಲ್ಲ ಬಂಗಾರ’ ಎನ್ನುವವರ ಮಾತಿಗೂ ತಲೆದೂಗಬೇಡಿ. ಒಂದು ಶನಿವಾರ ರಾತ್ರಿ ‘ನಾಗರಹಾವು’ ಮತ್ತೆ ನೋಡಿ. ಭಾನುವಾರ ಬೆಳಿಗ್ಗೆ ದುರ್ಗದ ಬಸ್ ಹತ್ತಿ. ಬಿಸಿಲು ಜೋರು, ನೀರಿನ ಬಾಟಲಿ ಮರೆಯಬೇಡಿ. ಇಳಿದ ಮೇಲೆ ಒಂದು ಪ್ಲೇಟು ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ ತಿನ್ನಿ.

ಹಾಂ, ಕಿಂಡಿಯ ಹತ್ತಿರ ಡೈಲಾಗು ಹೊಡೆಯುವ ಮುಂಚೆ ಮಾತ್ರ ಸ್ವಲ್ಪ ಯೋಚನೆ ಮಾಡಿ!