ತಂತಿಯೋ, ತರಂಗವೋ?

ಮಕ್ಕಳೇ, ಮನೆಯ ಕಂಪ್ಯೂಟರಿಗೆ ಇಂಟರ್ನೆಟ್ ತಲುಪಿಸಲು ಎರಡು ದಾರಿಗಳಿವೆ. ರೂಟರ್ ಎಂಬ ಪೆಟ್ಟಿಗೆಯಿಂದ ಕೇಬಲ್ ಎಳೆಯುವುದು ಒಂದು. ವೈ-ಫೈ, ಅಂದರೆ ರೇಡಿಯೊ ತರಂಗಗಳ ಮೂಲಕ ಕಳಿಸುವುದು ಇನ್ನೊಂದು. ಯಾವುದು ಒಳ್ಳೆಯದು? ನನ್ನನ್ನು ಕೇಳಿದರೆ, "ಮೊದಲು ನಿಮ್ಮ ಮನೆಯ ಗೋಡೆ ತೋರಿಸಿ" ಎನ್ನುತ್ತೇನೆ!

ಕಲಬುರಗಿಯ ನಮ್ಮ ಮನೆ ಹಳೆಯದು. ಶಹಾಬಾದ್ ಕಲ್ಲಿನ ಗೋಡೆಗಳು ಒಂದೂವರೆ ಅಡಿ ದಪ್ಪ. 2020ರಲ್ಲಿ ಕೋವಿಡ್‌ನಿಂದಾಗಿ ಶಾಲೆಗಳು ಮುಚ್ಚಿದಾಗ ನನ್ನ ಮಗಳಿಗೆ ಕಂಪ್ಯೂಟರಿನಲ್ಲೇ ಪಾಠ. ರೂಟರ್ ಪಡಸಾಲೆಯಲ್ಲಿ, ಅವಳು ಒಳಕೋಣೆಯಲ್ಲಿ. ನಡುವೆ ಎರಡು ಗೋಡೆ. ಶಿಕ್ಷಕಿಯ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. "ಅಪ್ಪಾ, ಲೆಕ್ಕದ ಕೊನೆಯ ಹಂತ ಕೇಳಿಸಲೇ ಇಲ್ಲ" ಎಂದು ಅಳುಮುಖ ಮಾಡುತ್ತಿದ್ದಳು.

ಏಕೆ ಹೀಗೆ? ರೇಡಿಯೊ ತರಂಗಗಳು ಬೆಳಕಿನ ಬಂಧುಗಳು. ವೈ-ಫೈ ತರಂಗಗಳಲ್ಲಿ ಒಂದು ಬಗೆ ಸೆಕೆಂಡಿಗೆ ಸುಮಾರು 240 ಕೋಟಿ ಬಾರಿ ಕಂಪಿಸುತ್ತದೆ. ಇನ್ನೊಂದು ಬಗೆ 500 ಕೋಟಿ ಬಾರಿಗೂ ಹೆಚ್ಚು. ಎರಡನೆಯದರ ವೇಗ ಚೆನ್ನ, ಆದರೆ ಗೋಡೆ ದಾಟುವುದರಲ್ಲಿ ಅದು ಹಿಂದೆ. ದಪ್ಪ ಕಲ್ಲು ತರಂಗದ ಶಕ್ತಿಯನ್ನು ಹೀರುತ್ತದೆ. ತಗಡು ಕನ್ನಡಿಯಂತೆ ಹಿಂದಕ್ಕೆ ಕಳಿಸುತ್ತದೆ.

ಕೇಬಲಿಗೆ ಈ ಚಿಂತೆಯಿಲ್ಲ. ಅದನ್ನು ಬಾಗಿಲ ಸಂದಿನಿಂದ ಒಳಕೋಣೆಗೆ ತಂದೆವು. ಅದರೊಳಗೆ ಎಂಟು ತಾಮ್ರದ ತಂತಿಗಳು, ಹಗ್ಗದಂತೆ ಹೊಸೆದ ನಾಲ್ಕು ಜೋಡಿಗಳಾಗಿ ಇರುತ್ತವೆ. ಹೊಸೆದಿರುವುದರಿಂದ ಹೊರಗಿನ ವಿದ್ಯುತ್ ಗದ್ದಲ ಜೋಡಿಯ ಎರಡೂ ತಂತಿಗಳಿಗೆ ಹೆಚ್ಚುಕಡಿಮೆ ಸಮನಾಗಿ ತಾಗುತ್ತದೆ. ಯಂತ್ರ ಎರಡರ ವ್ಯತ್ಯಾಸವನ್ನಷ್ಟೇ ಓದುತ್ತದೆ. ಹೀಗಾಗಿ ಗದ್ದಲ ಕಳೆದುಹೋಗುತ್ತದೆ! ಇಂಥ ಕೇಬಲಿನಲ್ಲಿ ಸಂಕೇತ 100 ಮೀಟರ್‌ವರೆಗೆ ಸರಿಯಾಗಿ ಸಾಗುತ್ತದೆ. ಮಗಳ ಲೆಕ್ಕ ಮತ್ತೆ ಅರ್ಧಕ್ಕೆ ನಿಲ್ಲಲಿಲ್ಲ.

ಹಾಗಾದರೆ ಎಲ್ಲರೂ ತಂತಿಯನ್ನೇ ಎಳೆಯಬೇಕೇ? ಇಲ್ಲ. ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿ ನನ್ನ ತಮ್ಮನಿದ್ದಾನೆ. ಅವನದು ತೆಳು ಗೋಡೆಯ ಚಿಕ್ಕ ಮನೆ. ಎಲ್ಲರೂ ಮೊಬೈಲ್ ಹಿಡಿದು ಓಡಾಡುವವರೇ. ಅಲ್ಲಿ ವೈ-ಫೈ ಸಾಕು. "ಅಣ್ಣಾ, ಅಂಗಳದಾಚೆಯ ಕೋಣೆಗೂ ಕೇಬಲ್ ಎಳೆಯಲೇ?" ಎಂದು ಕೇಳಿದ. ಬೇಡ ಎಂದೆ. ಹತ್ತಿರದಲ್ಲಿ ಸಿಡಿಲು ಬಿದ್ದರೆ, ಬಯಲಲ್ಲಿರುವ ಉದ್ದನೆಯ ತಾಮ್ರದ ತಂತಿಯಲ್ಲಿ ವಿದ್ಯುತ್ ಉಕ್ಕಿ ಯಂತ್ರಗಳು ಸುಟ್ಟುಹೋಗಬಹುದು. ಅಲ್ಲಿ ತರಂಗವೇ ಕ್ಷೇಮ.

ನೋಡಿದಿರಾ? ತಂತಿ ದೊಡ್ಡದೂ ಅಲ್ಲ, ತರಂಗ ಚಿಕ್ಕದೂ ಅಲ್ಲ. ಯಾವುದು ಬೇಕೆಂದು ಮನೆಯೇ ಹೇಳುತ್ತದೆ.

ನೀವೇ ಮಾಡಿ ನೋಡಿ: ವೈ-ಫೈ ಇರುವ ಕಡೆ ದೊಡ್ಡವರ ಮೊಬೈಲ್ ಪಡೆದು ರೂಟರಿನಿಂದ ದೂರ ನಡೆಯಿರಿ. ಐದೈದು ಹೆಜ್ಜೆಗೆ ಸಂಕೇತದ ಗೆರೆಗಳನ್ನು ಎಣಿಸಿ ಬರೆಯಿರಿ. ಗೋಡೆಯ ಹಿಂದೆ, ಕಬ್ಬಿಣದ ಬೀರುವಿನ ಹಿಂದೆ ನಿಂತೂ ಎಣಿಸಿ. ಎಲ್ಲಿ ಕಡಿಮೆಯಾಯಿತು? ಏಕೆ?