ವಾಲ್ನೂರಿನ ಮಡುವಿನಲ್ಲಿ

ಕೊಡಗಿನ ಹೆಸರನ್ನು ಹೇಳಿದೊಡನೆ ನಗರವಾಸಿಗಳ ಮನಸ್ಸಿಗೆ ಕಾಫಿಯ ತೋಟ, ಜೇನು, ಕಿತ್ತಳೆ ಹಣ್ಣುಗಳೇ ಮೊದಲು ಬರುವುದು ಸಹಜ. ತಲಕಾವೇರಿಯಲ್ಲಿ ತೀರ್ಥಸ್ನಾನ, ಮಡಿಕೇರಿಯ ರಾಜಾಸೀಟಿನಲ್ಲಿ ಸೂರ್ಯಾಸ್ತ, ದುಬಾರೆಯಲ್ಲಿ ಆನೆಗಳ ಜಳಕ, ಇಷ್ಟನ್ನು ನೋಡಿದರೆ ಪ್ರವಾಸ ಸಾರ್ಥಕವಾಯಿತೆಂದು ಹಿಂದಿರುಗುವವರೇ ಹೆಚ್ಚು. ಆದರೆ ಕಾವೇರಿಯನ್ನು ದಡದಲ್ಲಿ ನಿಂತು ನೋಡುವುದು ಬೇರೆ. ಪುಟ್ಟದೊಂದು ದೋಣಿಯಲ್ಲಿ ನೀರಿನ ಮಟ್ಟಕ್ಕೇ ಕುಳಿತು, ಕೈಯಲ್ಲಿ ಗಾಳ ಹಿಡಿದು ಅವಳನ್ನು ಅರಿಯುವುದು ಬೇರೆ.

ಕುಶಾಲನಗರದಿಂದ ಸಿದ್ದಾಪುರದ ಕಡೆಗೆ ಸಾಗುವ ದಾರಿಯಲ್ಲಿ, ದುಬಾರೆಯಿಂದ ಹೆಚ್ಚು ದೂರವಿಲ್ಲದೆಡೆ, ವಾಲ್ನೂರು ಎಂಬ ಊರಿದೆ. ಭಾಗಮಂಡಲದಲ್ಲಿ ಕನ್ನಿಕೆ ಸುಜ್ಯೋತಿಯರನ್ನು ಕೂಡಿಕೊಂಡು, ಬೆಟ್ಟಗಳ ನಡುವೆ ಬಳುಕಿ ಬಂದ ಕಾವೇರಿ ಇಲ್ಲಿ ಬಂಡೆಗಳ ಸಂದಿನಲ್ಲಿ ನೊರೆಗರೆದು, ಮರುಕ್ಷಣವೇ ಆಳವಾದ ಮಡುಗಳಲ್ಲಿ ಮೌನಿಯಾಗುತ್ತಾಳೆ. ಗಾಳದ ಹವ್ಯಾಸಿಗಳ ಪ್ರಪಂಚದಲ್ಲಿ ಈ ಊರಿಗೆ ದೊಡ್ಡ ಹೆಸರು. ಈ ಪಾತ್ರದಲ್ಲಿ ಹಿಡಿದ ಮೀನನ್ನು ಮರಳಿ ನೀರಿಗೆ ಬಿಡಬೇಕೆಂಬ ನಿಯಮವನ್ನು ನೆಲೆಗೊಳಿಸುವುದಕ್ಕೆ ಕೊಡಗು ವನ್ಯಜೀವಿ ಸಂಘವು ಬಹುಕಾಲ ಶ್ರಮಿಸಿದೆ. ಅನುಮತಿಯಿಲ್ಲದೆ ಇಲ್ಲಿ ಗಾಳ ಹಾಕುವಂತಿಲ್ಲ.

ಪುಷ್ಯಮಾಸದ ಒಂದು ಮುಂಜಾನೆ. ತೋಟಗಳಲ್ಲಿ ಕಾಫಿಯ ಕೊಯ್ಲು ನಡೆದಿದೆ. ನದಿಯ ಮೇಲೆ ಮಂಜು ಇನ್ನೂ ಎದ್ದಿಲ್ಲ. ಬೆಂಗಳೂರಿನಿಂದ ಬಂದ ತರುಣನೊಬ್ಬ ದಡದಲ್ಲಿ ನಿಂತಿದ್ದಾನೆ. ನಗರದ ಕೆರೆಯೊಂದರಲ್ಲಿ ಕೆಲವು ವಾರ ಕಯಾಕ್ ನಡೆಸಲು ಕಲಿತ ಉತ್ಸಾಹ ಅವನದು. ಹೊಸ ಗಾಳದ ಕೋಲು, ರೀಲು, ಬಣ್ಣಬಣ್ಣದ ಹುಸಿಮೀನುಗಳ ಪೆಟ್ಟಿಗೆ ಎಲ್ಲವೂ ಸಿದ್ಧ. ಎದುರಿಗೆ, ಬೋರಲು ಹಾಕಿದ ಹರಿಗೋಲಿನ ಪಕ್ಕದಲ್ಲಿ, ವಯಸ್ಸಾದ ಅಂಬಿಗನೊಬ್ಬ ಬೀಡಿ ಸೇದುತ್ತ ಕುಳಿತಿದ್ದಾನೆ.

"ಯಜಮಾನರೇ, ನಾನು ಕಯಾಕಿನಲ್ಲೇ ಹೋಗಬಹುದೇ?"

"ಕೆರೆಯ ನೀರು ನಿಂತಿರುತ್ತೆ ಸ್ವಾಮಿ, ಹೊಳೆಯ ನೀರು ನಡೀತಿರುತ್ತೆ. ಇವತ್ತು ನನ್ನ ಜೊತೆ ಬನ್ನಿ. ನೀರು ನೋಡೋದನ್ನು ಕಲಿತ ಮೇಲೆ ದೋಣಿ ಯಾವುದಾದರೇನು?"

ಈ ಎರಡು ದೋಣಿಗಳೂ ದೂರದ ದಾಯಾದಿಗಳೆಂದರೆ ತಪ್ಪಾಗದು. ಉತ್ತರ ಧ್ರುವದ ಸಮೀಪದ ಇನ್ಯೂಟ್ ಬೇಟೆಗಾರರು ಮರದ ಅಥವಾ ಎಲುಬಿನ ಚೌಕಟ್ಟಿಗೆ ಸೀಲ್ ಪ್ರಾಣಿಯ ತೊಗಲನ್ನು ಹೊದಿಸಿ ಕಯಾಕನ್ನು ನಿರ್ಮಿಸಿದರು. ಕನ್ನಡ ನಾಡಿನವರು ಬಿದಿರಿನ ಹೆಣಿಗೆಗೆ ಚರ್ಮ ಹೊದಿಸಿ ಹರಿಗೋಲನ್ನು ಮಾಡಿದರು. 16ನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಇಂಥ ಬುಟ್ಟಿದೋಣಿಗಳನ್ನು ಕಂಡು ಬೆರಗಿನಿಂದ ಬರೆದಿಟ್ಟಿದ್ದಾನೆ. ಕಯಾಕ್ ಬಾಣದಂತೆ ನೇರವಾಗಿ ಸಾಗುವುದಕ್ಕಾಗಿ ಹುಟ್ಟಿದ್ದು. ಹರಿಗೋಲು ಬುಗುರಿಯಂತೆ ತಿರುಗುತ್ತ ಬಂಡೆಯಿಂದ ಬಂಡೆಗೆ ಜಾರುವುದಕ್ಕಾಗಿ.

ಹೊಸಬನಿಗೆ ಅಂಬಿಗನು ಹೇಳಿಕೊಟ್ಟ ಪಾಠಗಳು ಎರಡು ದೋಣಿಗಳಿಗೂ ಸಲ್ಲತಕ್ಕವು. ತೇಲುವ ಅಂಗಿಯನ್ನು ತೊಡದೆ ದೋಣಿ ಹತ್ತಬಾರದು. ಮೀನು ಸಿಕ್ಕಿದ ಹುರುಪಿನಲ್ಲಿ ಎದ್ದು ನಿಲ್ಲಬಾರದು. ಹರಿಯುವ ನೀರಿನಲ್ಲಿ ಕಯಾಕಿಗೆ ಲಂಗರು ಹಾಕುವುದಾದರೆ ಮುಂತುದಿಗೋ ಹಿಂತುದಿಗೋ ಹಗ್ಗ ಕಟ್ಟಬೇಕು. ಪಕ್ಕಕ್ಕೆ ಕಟ್ಟಿದರೆ ಪ್ರವಾಹವು ದೋಣಿಯನ್ನು ಮಗುಚಿಹಾಕುತ್ತದೆ. ಮುಂಗಾರಿನಲ್ಲಿ ನದಿಯ ಗೊಡವೆಯೇ ಬೇಡ. 2018 ಮತ್ತು 2019ರ ಆಗಸ್ಟಿನಲ್ಲಿ ಇದೇ ಕಾವೇರಿ ಉಕ್ಕಿ ಕುಶಾಲನಗರದ ಬಡಾವಣೆಗಳಿಗೆ ನುಗ್ಗಿದ್ದನ್ನು ಇಲ್ಲಿಯ ಜನ ಮರೆತಿಲ್ಲ.

ತರುಣನ ಬಣ್ಣದ ಹುಸಿಮೀನುಗಳನ್ನು ನೋಡಿ ಅಂಬಿಗ ನಕ್ಕ. ಬುತ್ತಿಯ ಗಂಟಿನಿಂದ ಬೇಯಿಸಿದ ರಾಗಿ ಹಿಟ್ಟನ್ನು ತೆಗೆದು, ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಕಟ್ಟಿ, ಕೊಕ್ಕೆಗೆ ಮೆತ್ತಿದ. ಕಾವೇರಿಯ ಮಹಾರಾಜನಿಗೆ ಒಕ್ಕಲಿಗನ ರಾಗಿಮುದ್ದೆಯೇ ಮೃಷ್ಟಾನ್ನ!

ಆ ಮಹಾರಾಜನೆಂದರೆ ಮಹಶೀರ್, ಕನ್ನಡಿಗರ ಬಿಳಿಮೀನು. ದವಡೆಯಲ್ಲಿ ಹಲ್ಲಿಲ್ಲ, ಆದರೆ ಗಂಟಲಿನಲ್ಲಿರುವ ಹಲ್ಲುಗಳಿಂದ ಏಡಿಯ ಚಿಪ್ಪನ್ನೂ ಪುಡಿಮಾಡಬಲ್ಲದು. ಬಂಡೆ, ಮಡು, ತಿಳಿಯಾಗಿ ಹರಿಯುವ ನೀರು ಇದ್ದಲ್ಲಿ ಮಾತ್ರ ಬಾಳುವ ಜಾತಿ ಇದು. ಕೊಡಗಿನಿಂದ ಇಳಿದ ಕಾವೇರಿಯ ದಡದ ರಾಮನಾಥಪುರದಲ್ಲಿ ಭಕ್ತರು ಇಂದಿಗೂ ನದಿಯ ಮೀನುಗಳಿಗೆ ಪುರಿ ಎರಚಿ ಕೈಮುಗಿಯುತ್ತಾರೆ. 1946ರಲ್ಲಿ ಕಾವೇರಿಯ ಉಪನದಿ ಕಬಿನಿಯಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಗಾಳದಿಂದ ಎತ್ತಿದ ಮಹಶೀರ್ 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ ತೂಗಿತ್ತು.

ಹೊತ್ತು ಏರಿತು. ದಾರ ಒಮ್ಮೆ ಮೆಲ್ಲನೆ ನಡುಗಿತು. ಮರುಕ್ಷಣ ರೀಲು ಚೀರಿತು. ಮೀನು ಪ್ರವಾಹದ ಜೊತೆಗೆ ಕೆಳಗೆ ಓಡಿತು; ಹರಿಗೋಲೂ ಅದರ ಹಿಂದೆಯೇ ಹೊರಟಿತು. ಅಂಬಿಗ ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಒತ್ತಿ ಬಂಡೆಗಳನ್ನು ತಪ್ಪಿಸುತ್ತಿದ್ದರೆ, ತರುಣ ಹಲ್ಲುಕಚ್ಚಿ ಕೋಲು ಹಿಡಿದು ಕುಳಿತಿದ್ದ. ಕಾಲುಗಂಟೆಯ ಸೆಣಸಾಟದ ಮೇಲೆ ನಾಲ್ಕೈದು ಕಿಲೋಗ್ರಾಂ ತೂಕದ ಮೀನು ಪಕ್ಕಕ್ಕೆ ಬಂದಿತು. ಬಂಗಾರದ ಪರೆಗಳು ಬಿಸಿಲಿಗೆ ಥಳಥಳಿಸಿದವು.

"ಗೆದ್ದೆ!" ಎಂದ ತರುಣ.

"ರೆಕ್ಕೆ ಯಾವ ಬಣ್ಣ, ನೋಡಿ ಸ್ವಾಮಿ."

"ನೀಲಿ."

ಅಂಬಿಗ ಮಾತಾಡಲಿಲ್ಲ.

ಅವನ ಮೌನದಲ್ಲಿ ಒಂದು ಕಥೆಯೇ ಇತ್ತು. ಕಾವೇರಿಯ ಹುಟ್ಟು ಮಹಶೀರಿಗೆ ಬೆನ್ನಿನ ಮೇಲೆ ಗೂನು. ರೆಕ್ಕೆಗಳಿಗೆ ಕೊಡಗಿನ ಕಿತ್ತಳೆಯದೇ ಬಣ್ಣ. ನೀಲಿ ರೆಕ್ಕೆಯದು ಕೃಷ್ಣಾ ನದಿಯ ಜಲಾನಯನದ ಜಾತಿ. ಮೀನು ಕಡಮೆಯಾಗುತ್ತಿದೆಯೆಂಬ ಕಳಕಳಿಯಿಂದ ಮಹಾರಾಷ್ಟ್ರದ ಲೋನಾವಳದಲ್ಲಿ ನೀಲಿ ರೆಕ್ಕೆಯ ಮರಿಗಳನ್ನು ಬೆಳೆಸಿ ಹಂಚಲಾಯಿತು. 1970ರ ದಶಕದಿಂದ ಅವು ಕಾವೇರಿಗೂ ಬಂದವು. ಮರಿಗಳು ಬದುಕಿದವು, ಹೆಚ್ಚಿದವು. ನದಿ ತುಂಬಿತೆಂದು ಎಲ್ಲರೂ ಸಂತೋಷಪಟ್ಟರು. ಅಷ್ಟರಲ್ಲಿ ಕಿತ್ತಳೆ ರೆಕ್ಕೆಯ ಒಡೆಯ ಸದ್ದಿಲ್ಲದೆ ಮರೆಯಾಗುತ್ತಿದ್ದ. ಅಣೆಕಟ್ಟುಗಳು, ಮದ್ದುಸಿಡಿಸಿ ಮೀನು ಹಿಡಿಯುವ ದುಷ್ಟತನ, ಮರಳೆತ್ತುವಿಕೆ ಇವು ಒಂದು ಕಡೆ. ಮನೆಯೊಳಗೇ ಬಂದು ಕುಳಿತ ಅತಿಥಿ ಇನ್ನೊಂದು ಕಡೆ.

ಈ ಸಂಗತಿ ಬೆಳಕಿಗೆ ಬಂದ ಬಗೆ ಗಮನಾರ್ಹ. ನದಿಯ ಕೆಳಭಾಗದಲ್ಲಿ 1998ರಿಂದ 2012ರವರೆಗೆ ಗಾಳದ ಹವ್ಯಾಸಿಗಳು ಹಿಡಿದು ಬಿಟ್ಟ ಮೀನುಗಳ ದಾಖಲೆಯನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ನೀಲಿ ರೆಕ್ಕೆಯವು ಏರುತ್ತ ಹೋಗಿದ್ದವು. ಗೂನುಬೆನ್ನಿನವು ವರ್ಷದಿಂದ ವರ್ಷಕ್ಕೆ ಕಡಮೆಯಾಗಿದ್ದವು. ಸಿಕ್ಕಿದ ಕೆಲವು ಮಾತ್ರ ಮೊದಲಿಗಿಂತ ದೊಡ್ಡವಾಗಿದ್ದವು. ದೊಡ್ಡ ಮೀನು ಸಿಕ್ಕಿತೆಂದು ಹಿಗ್ಗಿದವರಿಗೆ ಅದು ಮರಿಗಳಿಲ್ಲದ ಮನೆಯ ಮುದುಕನೆಂದು ಹೊಳೆದಿರಲಿಲ್ಲ. ಶತಮಾನಕ್ಕೂ ಮಿಕ್ಕಿ ಪ್ರಸಿದ್ಧವಾಗಿದ್ದ ಈ ಮೀನಿನ ಶಾಸ್ತ್ರೀಯ ನಾಮ ಟಾರ್ ರೆಮಾದೇವಿಯೈ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯನ್ನೂ ಸೇರಿತು. ನಾಮಕರಣವೂ ಅಪಾಯದ ಗಂಟೆಯೂ ಒಟ್ಟಿಗೇ!

ಅಂಬಿಗನ ಸೂಚನೆಯಂತೆ ತರುಣ ಕೈಗಳನ್ನು ನೀರಿನಲ್ಲಿ ಒದ್ದೆಮಾಡಿಕೊಂಡ. ಒಣಗೈ ಸೋಕಿದರೆ ಮೀನಿನ ಮೈಯ ಲೋಳೆ ಕಿತ್ತುಹೋಗುತ್ತದೆ. ಮೀನನ್ನು ನೀರಿನಿಂದ ಹೊರಗೆತ್ತದೆಯೇ ಕೊಕ್ಕೆ ಬಿಡಿಸಿ, ಪ್ರವಾಹಕ್ಕೆ ಮುಖವಾಗಿ ಹಿಡಿದುಕೊಂಡ. ಕಿವಿರುಗಳು ನಿಧಾನವಾಗಿ ಆಡಿದವು. ಬಾಲ ಒಮ್ಮೆ ಬಲವಾಗಿ ಬಡಿಯಿತು, ಅಂಗೈ ಬರಿದಾಯಿತು.

"ಬೇರೆ ಹೊಳೆಯ ಮೀನಾದರೆ ಇದನ್ನೇಕೆ ಬಿಡಬೇಕು, ಯಜಮಾನರೇ?"

"ತಂದು ಬಿಟ್ಟವರು ನಾವು. ಮೀನಿಗೆ ಹೊಳೆಯ ಹೆಸರು ಗೊತ್ತೇ? ಇರೋ ನಿಯಮ ನಡೆಸೋಣ. ಆದರೆ ಬರೆದಿಡಿ ಸ್ವಾಮಿ. ತೂಕ ಬಿಟ್ಟರೂ ಬಿಡಿ, ರೆಕ್ಕೆಯ ಬಣ್ಣ ಬಿಡಬೇಡಿ."

ತರುಣ ಚೀಲದಿಂದ ಪುಸ್ತಕ ತೆಗೆದು ತಾರೀಖು, ಮಡುವಿನ ಗುರುತು, ನೀರಿನ ಸ್ಥಿತಿ, ರೆಕ್ಕೆಯ ಬಣ್ಣಗಳನ್ನು ಬರೆದುಕೊಂಡ. ಬಳಿಕ ಅವನು ಗಾಳವನ್ನು ಮತ್ತೆ ಹಾಕಿದಾಗ ಬೆಳಗಿನ ಆತುರವಿರಲಿಲ್ಲ. ಅಂಬಿಗ ಇನ್ನೊಂದು ರಾಗಿ ಉಂಡೆಯನ್ನು ಕಟ್ಟತೊಡಗಿದ. ಹರಿಗೋಲು ಮೆಲ್ಲನೆ ತಿರುಗುತ್ತ ಮಡುವಿನ ನಡುವೆ ನಿಂತಿತು. ಕೆಳಗೆ, ಆ ಹಸುರು ಕತ್ತಲೆಯಲ್ಲಿ, ಕಿತ್ತಳೆಯ ರೆಕ್ಕೆಯೊಂದು ಇನ್ನೂ ಉಳಿದಿರಬಹುದೆಂಬ ಆಸೆಯಿಂದ ಇಬ್ಬರೂ ದಾರವನ್ನೇ ನೋಡುತ್ತ ಕುಳಿತರು.