ರಾತ್ರಿಯ ಮಾತ್ರೆ

ನಮ್ಮ ತಾಯಿಯವರಿಗೆ ರಾತ್ರಿ ಊಟವಾದ ಮೇಲೆ ಡೊನೆಪೆಜಿಲ್ ಎಂಬ ಮಾತ್ರೆಯನ್ನು ಕೊಡುವ ಕೆಲಸವು ಐದು ವರ್ಷಗಳ ಕಾಲ ನನ್ನ ಪಾಲಿನದಾಗಿದ್ದಿತು. ಅವರದು ಆಲ್‌ಜೈಮರ್ ರೋಗ. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ದ್ರವ್ಯವು ಮಿದುಳಿನಲ್ಲಿ ಬೇಗನೆ ನಾಶವಾಗದಂತೆ ಈ ಔಷಧವು ತಡೆಯುವುದಷ್ಟೆ. ಸಾಯುತ್ತಿರುವ ನರಕೋಶಗಳನ್ನು ಉಳಿಸಲಾರದು. ವೈದ್ಯರು ಇದನ್ನು ಮೊದಲನೆಯ ದಿನವೇ ತಿಳಿಸಿದ್ದರು. ನಾವಾದರೋ ಗುಣವನ್ನೇ ಎದುರು ನೋಡುತ್ತ ಕುಳಿತೆವು.

ಆರನೆಯ ವರ್ಷದಲ್ಲಿ ತಾಯಿಯವರು ನನ್ನನ್ನು ತಮ್ಮ ಅಣ್ಣನ ಹೆಸರಿನಿಂದ ಕರೆಯತೊಡಗಿದರು. ಊಟವೂ ಸೇರದಾಯಿತು. “ಅಣ್ಣಾ, ಮಗನ ಗುರುತೇ ಸಿಕ್ಕದವರಿಗೆ ಇನ್ನು ಆ ಮಾತ್ರೆ ಯಾತಕ್ಕೆ?” ಎಂದಳು ತಂಗಿ. ನನಗೂ ಹಾಗೆಯೇ ತೋರಿತು. ವೈದ್ಯರನ್ನು ಕೇಳಲಿಲ್ಲ, ಆ ತಪ್ಪು ನನ್ನದೇ.

ಅದುವರೆಗೆ ಅವರು ತಾವಾಗಿಯೇ ಸೀರೆಯುಟ್ಟು, ತುಲಸೀಕಟ್ಟೆಯವರೆಗೆ ಹೋಗಿ ಬರುತ್ತಿದ್ದರು. ಮೂರು ತಿಂಗಳಲ್ಲಿ ಅದೂ ನಿಂತಿತು. ನಡುರಾತ್ರಿಯಲ್ಲಿ ಬಾಗಿಲು ತೆಗೆದು ಬೀದಿಗಿಳಿಯುವುದು ಮೊದಲಾಯಿತು. ನನ್ನ ಹೆಂಡತಿ ಹೊಸಲಿಗೆ ಅಡ್ಡಲಾಗಿ ಮಲಗುತ್ತಿದ್ದಳು. ಏಳನೆಯ ತಿಂಗಳಲ್ಲಿ ಅವರನ್ನು ಒಂದು ಶುಶ್ರೂಷಾಲಯಕ್ಕೆ ಸೇರಿಸಿದೆವು. ಸೇರಿಸಿದೆವೆಂಬುದು ನೆಂಟರಿಗೆ ಹೇಳುವ ಮಾತು. ಬಿಟ್ಟು ಬಂದೆವೆಂಬುದೇ ಸರಿ.

ಬ್ರಿಟನ್ನಿನಲ್ಲಿ ರಾಬರ್ಟ್ ಹೋವರ್ಡ್ ಮೊದಲಾದವರು ನಡೆಸಿದ ಪರೀಕ್ಷೆಯ ವಿಚಾರ ನನ್ನ ಕಣ್ಣಿಗೆ ಬಿದ್ದುದು ಆಮೇಲೆ. ಈ ಮಾತ್ರೆ ಸೇವಿಸುತ್ತ ಮನೆಯಲ್ಲಿಯೇ ಇದ್ದ, ರೋಗ ಬಲಿತ 295 ಮಂದಿಯಲ್ಲಿ ಕೆಲವರಿಗೆ ಅದನ್ನು ಮುಂದುವರಿಸಿ, ಕೆಲವರಿಗೆ ನಿಲ್ಲಿಸಿದ್ದರು. ನಿಲ್ಲಿಸಿದವರು ಮೊದಲನೆಯ ವರ್ಷದೊಳಗೆ ಶುಶ್ರೂಷಾಲಯವನ್ನು ಸೇರುವ ಸಂಭವವು ಸುಮಾರು ಇಮ್ಮಡಿಯಾಗಿದ್ದಿತೆಂದು 2015ರ ವರದಿ ಹೇಳುತ್ತದೆ. ಮುಂದಿನ ಮೂರು ವರ್ಷಗಳಲ್ಲಿ ಮಾತ್ರ ಅಂತಹ ವ್ಯತ್ಯಾಸ ಕಾಣಲಿಲ್ಲವಂತೆ. ಅದೇ ದೇಶದಲ್ಲಿ ರೋಗ ಅಷ್ಟು ಬಲಿಯದ 565 ಮಂದಿಯ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಾದರೋ, ಮಾತ್ರೆ ತೆಗೆದುಕೊಂಡವರೂ ತೆಗೆದುಕೊಳ್ಳದವರೂ ಮೂರು ವರ್ಷಗಳಲ್ಲಿ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಅಂತಹ ಆಲಯಗಳನ್ನು ಸೇರಿದ್ದರು.

ಒಂದು ವರದಿ ನನ್ನನ್ನು ಚುಚ್ಚುತ್ತದೆ, ಇನ್ನೊಂದು ಬಿಡಿಸುತ್ತದೆ. ರಾತ್ರಿಯ ಹೊತ್ತು ನೆನಪಾಗುವುದು ಮೊದಲನೆಯದು. ಮಾತ್ರೆಯಿಂದ ಗುಣವಾಯಿತೇ ಎಂದು ನೋಡಿದೆವಲ್ಲದೆ, ಸೀರೆಯುಡುವ ಆ ಕೈಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ನಮ್ಮಲ್ಲಿದ್ದಾಗಲೂ ಸಂಜೆಯಾದರೆ ತಾಯಿಯವರು, “ಮನೆಗೆ ಹೋಗೋಣ ನಡಿ” ಎನ್ನುತ್ತಿದ್ದರು. ಅಲ್ಲಿಯೂ ಹಾಗೆಯೇ ಎನ್ನುತ್ತಾರೆ. ಊಟ ಮುಗಿಸಿಕೊಂಡು ಹೊರಡೋಣವೆಂದು ನಾನು ಹೇಳುತ್ತೇನೆ. ಒಪ್ಪಿ, ಎಲೆಯ ಮುಂದೆ ಕುಳಿತುಕೊಳ್ಳುತ್ತಾರೆ.